ಲೋಕ ಮುಗಿಯುವ ಗುರುವಾರ

ಕೊಣ್ಣೂರಿಗೆ ಪತ್ರಿಕೆ ಬರುತ್ತಿದ್ದದ್ದು ರೈಲಿನಲ್ಲಿ, ಅದೂ ಮೂರು ನಾಲ್ಕು ದಿನ ಹಳಸಿದ ಮೇಲೆ. ಕಟ್ಟೆಯ ಮೇಲೆ ಕೂತು ಊರಿಗೆಲ್ಲ ಓದಿ ಹೇಳುತ್ತಿದ್ದವನು ಕಿರಾಣಿ ಅಂಗಡಿಯ ಕೇದಾರಿ. ಅವನ ಕಣ್ಣಿಗೆ ತಲೆಬರಹದ ದಪ್ಪ ಅಕ್ಷರ ಮಾತ್ರ ಕಾಣುತ್ತಿತ್ತು. ಕೆಳಗಿನ ಸಣ್ಣ ಅಕ್ಷರವನ್ನು ಪುಣ್ಯಾತ್ಮ ತನ್ನ ತಲೆಯಿಂದಲೇ ಓದುತ್ತಿದ್ದ. ಒಮ್ಮೆ 'ಮುಂಬಯಿಯಲ್ಲಿ ಇಲಿ ಹಿಡಿದವರಿಗೆ ಇನಾಮು' ಎಂದು ಓದಿದ್ದೇ ತಡ, ಊರ ಮಂದಿ ಚೀಲಗಟ್ಟಲೆ ಇಲಿ ಹೊತ್ತು ಸ್ಟೇಷನ್ನಿಗೆ ಹೋಗಿ, ಮುಂಬಯಿಗೆ ಕಳಿಸಿರೆಂದು ಮಾಸ್ತರನ ಮೇಜಿನ ಮೇಲೆ ಸುರಿದರು. ಅವನು ಕುರ್ಚಿ ಹತ್ತಿ ನಿಂತು ಬೈದದ್ದು ಗೋಕಾಕದವರೆಗೆ ಕೇಳಿಸಿತಂತೆ. 'ಜಪಾನಕ್ಕೆ ಜಯ' ಎಂದು ಓದಿದ ವಾರ ಒಕ್ಕಲಿಗ ಮಾಲಿಂಗಪ್ಪ ತನ್ನ ಹೊಸ ಎತ್ತಿಗೆ ಜಪಾನ ಎಂದೇ ಹೆಸರಿಟ್ಟ. ಆ ಎತ್ತು ಒಂದು ದಿನವೂ ನೆಟ್ಟಗೆ ನೇಗಿಲು ಎಳೆಯಲಿಲ್ಲ, ಆ ಮಾತು ಬೇರೆ.

ಇಂಥ ಊರಿಗೆ ಸಾವಿರದ ಒಂಬೈನೂರ ಹತ್ತರ ಬೇಸಿಗೆಯಲ್ಲಿ ಈ ತಲೆಬರಹ ಬಂತು: 'ಮೇ ೧೯ಕ್ಕೆ ಭೂಮಿಗೆ ಧೂಮಕೇತುವಿನ ಬಾಲದ ಸ್ಪರ್ಶ.'

"ಮುಗೀತ್ರೆಪಾ," ಎಂದ ಕೇದಾರಿ. "ಬಾಲದಾಗ ವಿಷದ ಹೊಗಿ ಐತಂತ. ಬರೋ ಗುರುವಾರ ಬಿಟ್ಟು ಮುಂದಿನ ಗುರುವಾರ ಎಲ್ಲಾ ಸಫಾ."

ನಸುಕಿನಲ್ಲಿ ಬಾಲದ ಚುಕ್ಕೆ ಎಲ್ಲರಿಗೂ ಕಾಣುತ್ತಲೇ ಇತ್ತು. ನಂಬದೆ ಏನು ಮಾಡಿಯಾರು?

ಮಾಲಿಂಗಪ್ಪನ ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು. ಇದ್ದವಳು ಒಬ್ಬಳೇ ಮಗಳು, ಬಾಳವ್ವ. ಹುಕ್ಕೇರಿಯ ಭೀಮರಾಯ ತನ್ನ ಮಗ ದುಂಡಪ್ಪನಿಗೆ ಅವಳನ್ನು ಕೇಳಿ ಕೇಳಿ ಸೋತಿದ್ದ. ಹುಡುಗಿಗೂ ಮನಸ್ಸಿತ್ತು. ಮಾಲಿಂಗಪ್ಪ ಮಾತ್ರ, "ಅವ ನನಗ ಒದಿಯೋ ಆಕಳಾ ಮಾರ್ಯಾನ, ಅಂಥವನ ಮನಿಗೆ ಕೊಡಂಗಿಲ್ಲ" ಎಂದು ಹಟ ಹಿಡಿದಿದ್ದ. ಆಕಳದ್ದು ಬರೀ ನೆಪ. ಹುಕ್ಕೇರಿ ಅಂದರೆ ಗಾಡಿಯಲ್ಲಿ ದಿನದ ದಾರಿ. ಮಗಳು ಹೋದರೆ ಮನೆಯಲ್ಲಿ ತಾನೊಬ್ಬನೇ ಎಂಬ ಭಯ ಅವನನ್ನು ತಿನ್ನುತ್ತಿತ್ತು.

ಅವನ ತಂಗಿ ಗುಡ್ಡವ್ವ ಓಣಿಗೆಲ್ಲ ಕೇಳುವಂತೆ ಜಗಳ ತೆಗೆದಳು. "ಸಾಯೋ ಮುಂದರೆ ಹುಡುಗಿ ಹೊಟ್ಟಿ ತಂಪು ಮಾಡೋ ಅಣ್ಣಾ!"

ಮಾಲಿಂಗಪ್ಪನ ತಲೆಯಲ್ಲಿ ಒಂದು ಹಂಚಿಕೆ ಹೊಳೆಯಿತು. ಭೀಮರಾಯನನ್ನು ಕರೆಸಿದ, ಊರ ಹಿರಿಯರ ಮುಂದೆ ಸಕ್ಕರೆ ಹಂಚಿದ. ಸಕ್ಕರೆ ಬಾಯಿಗೆ ಬಿದ್ದಿತೆಂದರೆ ಆ ಸೀಮೆಯಲ್ಲಿ ಕೊಟ್ಟ ಮಾತು ಹಿಂದೆ ತೆಗೆಯುವ ಹಾಗಿಲ್ಲ. ಆದರೆ ಅವನು ಲಗ್ನ ಇಟ್ಟದ್ದು ಹುಣ್ಣಿಮೆ ಕಳೆದ ಸೋಮವಾರ, ಅಂದರೆ ಲೋಕ ಮುಗಿದು ಹತ್ತು ಹನ್ನೊಂದು ದಿನದ ಮೇಲೆ! ದೊಡ್ಡ ಮನುಷ್ಯ ಅನ್ನಿಸಿಕೊಂಡಂತೆಯೂ ಆಯಿತು, ಮಗಳು ಮನೆ ಬಿಟ್ಟು ಹೋಗುವುದೂ ತಪ್ಪಿತು. ಎಷ್ಟು ಶಾಣ್ಯಾ ನೋಡಿ ನಮ್ಮ ಮಾಲಿಂಗಪ್ಪ.

ಗುರುವಾರ ಬಂತು. ಊರೆಲ್ಲ ಹೋಳಿಗೆ ಮಾಡಿ ತಿಂದಿತು, ಬೀಜಕ್ಕಿಟ್ಟ ಶೇಂಗಾವನ್ನೂ ಬಿಡಲಿಲ್ಲ. ಜನ್ಮದ ವೈರಿಗಳು ಕೊರಳು ತಬ್ಬಿ ಅತ್ತರು. ಹೊತ್ತು ಇಳಿಯುವಾಗ ಮಾಲಿಂಗಪ್ಪ ಮಗಳನ್ನು ಹುಡುಕುತ್ತ ಮಾಳಿಗೆ ಹತ್ತಿದ. ಅವಳು ಒಣಗಿದ ಶಾವಿಗೆಯನ್ನು ಬುಟ್ಟಿಗೆ ತುಂಬುತ್ತಿದ್ದಳು.

"ಯಾರಿಗವ್ವಾ ಇಷ್ಟು ಶಾವಿಗಿ?"

"ಲಗ್ನದ ಮಂದಿಗೆ."

"ಇವತ್ತ ಎಲ್ಲಾ ಮುಗೀತೈತಿ ಅಂತಾರಲ್ಲ. ನಿನಗ ಅಂಜಿಕಿ ಇಲ್ಲೇನು?"

"ಮೊದಲ ಇತ್ತು," ಎಂದಳು ಬಾಳವ್ವ. "ನೀ ಸೋಮವಾರ ಅಂದ ಮ್ಯಾಲ ಹೋತು. ನನ್ನಪ್ಪ ಸುಳ್ಳ ಸಕ್ಕರಿ ತಿನ್ನಾವಲ್ಲ. ನೀ ಅಂದಿ ಅಂದ್ರ ಆ ಸೋಮವಾರ ಬಂದ ಬರತೈತಿ."

ತನ್ನ ಮೇಲೆ ಇಷ್ಟು ನಂಬಿಕೆ ಇಟ್ಟ ಜೀವಕ್ಕೆ ತಾನು ಎಂಥ ಮೋಸ ಮಾಡಿದೆ ಎಂದು ಮಾಲಿಂಗಪ್ಪನಿಗೆ ನಾಚಿಕೆಯಾಯಿತು. ಮಧ್ಯಾಹ್ನದವರೆಗೆ ಲೋಕ ಹೋದರೆ ಹೋಗಲಿ ಎಂದುಕೊಂಡಿದ್ದವನು ಮಾಳಿಗೆಯ ಮೇಲೆಯೇ ಮುಗಿಲಿಗೆ ಕೈ ಮುಗಿದು, "ಆ ಸೋಮವಾರದ ತನಕರೆ ಇರಲಿ ತಂದೇ" ಎಂದು ಬೇಡಿಕೊಂಡ.

ಶುಕ್ರವಾರ ಎಂದಿನಂತೆ ಬೆಳಗಾಯಿತು. ಶಾಲೆಯ ಮಾಸ್ತರರು ಆ ಹಳೆಯ ಪತ್ರಿಕೆಯನ್ನೇ ತರಿಸಿ ನೋಡಿದರೆ, ಸಣ್ಣ ಅಕ್ಷರದಲ್ಲಿ 'ಯಾರೂ ಅಂಜುವ ಕಾರಣವಿಲ್ಲ' ಎಂದಿತ್ತು. ಕೇದಾರಿ ಅಂಗಡಿಗೆ ಕೀಲಿ ಹಾಕಿ ಹೊಲಕ್ಕೆ ಓಡಿದ.

"ಈಗ ಮಾತು ತಿರುವತೀ ಏನ?" ಎಂದು ಗುಡ್ಡವ್ವ ಸೊಂಟಕ್ಕೆ ಕೈಯಿಟ್ಟು ಕೇಳಿದಳು. ಮಾಲಿಂಗಪ್ಪ ಗಾಡಿ ಹೂಡಿದ.

ಹುಕ್ಕೇರಿಯಲ್ಲಿ ಅವನನ್ನು ಕಂಡ ಭೀಮರಾಯನ ಮುಖ ಇಳಿದುಹೋಯಿತು. "ಲಗ್ನಾ ಮುರಿಯಾಕ ಬಂದ್ರೇನ್ರಿ?"

"ಅಲ್ಲರೀ. ಲೋಕ ಮುಗೀತೈತಿ ಅಂತ ತಿಳದು ನಾ ಅವತ್ತ ಹೂಂ ಅಂದಿದ್ದೆ. ಅದು ಹೂಂ ಅಲ್ಲ. ಇವತ್ತ ಇನ್ನೊಮ್ಮೆ ಕೇಳ್ರಿ."

ಭೀಮರಾಯ ತಡಬಡಿಸಿ ಎದ್ದು, ಮುಂಡಾಸು ಸರಿ ಮಾಡಿಕೊಂಡು ಕೇಳಿದ. "ನಿಮ್ಮ ಬಾಳವ್ವನ್ನ ನಮ್ಮ ಮನಿಗೆ ಕೊಡತೀರೇನ್ರಿ?"

ಮಾಲಿಂಗಪ್ಪ ಬಾಯಿ ತೆರೆದ. ಮಂದಿ ತುಂಬಿದ ಅಂಗಳದಲ್ಲಿ, ಅಷ್ಟು ದೊಡ್ಡ ಮೀಸೆಯ ಗಂಡಸು ಗೊಳೋ ಎಂದು ಅತ್ತ. ಅಳುತ್ತಲೇ ಹೂಂ ಎಂಬಂತೆ ಗೋಣು ಹಾಕಿದ.