ಸರ್ವರಿಗೊಂದು ದಿನದ ರಜೆ

ಮಜಿವಾಡಾ ಆಫೀಸಿನ ಪರದೆಯ ಮೇಲೆ ಕಳಂಬೋಲಿಯ ಚುಕ್ಕೆ ಬೆಳಿಗ್ಗೆಯಿಂದ ಕೆಂಪಾಗಿಯೇ ಕೂತಿತ್ತು. ನೋಡುತ್ತಿದ್ದ ಯತಿನ್‌ನ ಬೆವರಿಗೆ ಮುಂಬೈ ಪಕ್ಕದ ಠಾಣೆಯ ಕೆರೆಗಳೆಲ್ಲ ಕೋಡಿ ಬೀಳಬೇಕಿತ್ತು, ಎ.ಸಿ. ಇದ್ದ ಪುಣ್ಯಕ್ಕೆ ಊರು ಉಳಿಯಿತು.

ಕಳೆದ ಬೇಸಿಗೆಯಲ್ಲಿ ಕಳಂಬೋಲಿಯ ಕಬ್ಬಿಣದ ಗೋದಾಮಿನ ಕಂಪ್ಯೂಟರ್ ಸರ್ವರು ಸೆಕೆಗೆ ಸತ್ತುಬಿದ್ದಿತ್ತು. ಲಾರಿ ತೂಗುವ ಕಾಟಾ ನಿಂತು, ಲಾರಿಗಳ ಸಾಲು ಪುಣೆ ಮುಟ್ಟುವಷ್ಟಾದರೂ ಮಜಿವಾಡಾದಲ್ಲಿ ಯಾರಿಗೂ ಸುದ್ದಿಯಿಲ್ಲ. ಇನ್ನೊಮ್ಮೆ ಹೀಗಾದರೆ ಬೇರೆ ಕೆಲಸ ನೋಡಿಕೋ ಎಂದಿದ್ದರು ಕಂಪನಿಯ ಮಾಲೀಕ ಸೇಠ್. ಅದಕ್ಕೇ ಯತಿನ್ ನಿನ್ನೆ ಕಳಂಬೋಲಿಗೆ ಹೋಗಿ ಸರ್ವರಿನಲ್ಲಿ ಎಸ್‌ಎನ್‌ಎಂಪಿ ಎಂಬುದನ್ನು ಕೂರಿಸಿ ಬಂದಿದ್ದ. ಇಲ್ಲಿನ ಪರದೆ ಆಗಾಗ ‘ಹೇಗಿದ್ದೀ’ ಎಂದು ಕೇಳುವುದು, ಗುಟ್ಟಿನ ಹೆಸರು ಸರಿಯಿದ್ದರೆ ಅಲ್ಲಿನ ಸರ್ವರು ‘ಚೆನ್ನಾಗಿದ್ದೇನೆ’ ಎನ್ನುವುದು. ಹೊಸದಾಗಿ ಮದುವೆಯಾದ ಮಗಳಿಗೆ ತಾಯಿ ಮಾಡುವ ಫೋನಿನ ಹಾಗೆ. ಬೇರೆ ಯಾರೂ ಕೇಳದಂತೆ ಬೇಲಿಯನ್ನೂ ಹಾಕಿದ್ದ. ಸಂಜೆ ಚುಕ್ಕೆ ಹಸಿರಾಗಿತ್ತು. ಇವತ್ತು ಊಟ ಮುಗಿಸಿ ಸೇಠ್ ನೋಡಲು ಬರುವವರಿದ್ದರು.

ಇಲ್ಲಿಂದಲೇ ಸರ್ವರಿನೊಳಗೆ ಹೋಗಿ ನೋಡೋಣವೆಂದರೆ ಬಾಗಿಲೇ ತೆಗೆಯಲಿಲ್ಲ. ಬೇಲಿ ಹಾಕುವ ಭರದಲ್ಲಿ ನನ್ನನ್ನೇ ಹೊರಗಿಟ್ಟೆನೋ ಎಂದುಕೊಂಡ. ಕಾಟಾ ನೋಡಿಕೊಳ್ಳುವ ಲೋಕನಾಥ ಫೋನ್ ಎತ್ತಲಿಲ್ಲ. ಪರದೆಯ ಮುಂದೆ ಕೂರುವ ಮಾನಸಿಗೆ ಹೇಳಿ, ಯತಿನ್ ಪನವೇಲ್ ಲೋಕಲ್ ಹತ್ತಿದ. ಹೆಸರು, ಅಡ್ರೆಸ್ಸು, ಪೋರ್ಟು ಎಂದು ದಾರಿಯುದ್ದಕ್ಕೂ ಅವನು ಜಪಿಸಿದ ರೀತಿಗೆ ಯಾವ ದೇವರಾದರೂ ಪ್ರತ್ಯಕ್ಷನಾಗಬೇಕಿತ್ತು.

ಕಳಂಬೋಲಿಯಲ್ಲಿ ಸರ್ವರು ಗೊಂಡೆಹೂವಿನ ಮಾಲೆ ಹಾಕಿಕೊಂಡು, ಮೈತುಂಬ ಕುಂಕುಮ ಬಳಿದುಕೊಂಡು, ಮದುಮಗನಂತೆ ಕೂತಿತ್ತು. ಒಂದು ದೀಪವೂ ಉರಿಯುತ್ತಿರಲಿಲ್ಲ.

“ಲೋಕಣ್ಣ, ಇದನ್ನು ಬಂದ್ ಮಾಡಿದ್ದು ಯಾರು?”

“ನಾನೇ ಮಾರಾಯ. ಆಯುಧಪೂಜೆಯಲ್ವಾ ಇವತ್ತು? ಊರಲ್ಲಿ ಕತ್ತಿ, ಹಾರೆ ಸಹ ಮುಟ್ಟುದಿಲ್ಲ. ಲಾರಿಗಳಿಗೆಲ್ಲ ರಜೆ, ಇದೊಂದು ಎಂತ ಪಾಪ ಮಾಡಿದೆ? ವಯರ್ ಎಳೆದದ್ದಲ್ಲ, ನೀನು ಹೇಳಿಕೊಟ್ಟ ಹಾಗೇ ಮೆಲ್ಲ ಮಲಗಿಸಿದ್ದು.”

ಯತಿನ್‌ಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಗುಂಡಿ ಒತ್ತಿದ. ಸರ್ವರು ಎದ್ದಿತು, ಕಾಟಾದ ಅಂಕಿಗಳು ಬೆಳಗಿದವು. ಮಾನಸಿಗೆ ಫೋನ್ ಮಾಡಿದರೆ, ಇನ್ನೂ ಕೆಂಪೇ ಎಂದಳು.

ಗುಟ್ಟಿನ ಹೆಸರು ಸರಿಯಿತ್ತು. ಬೇಲಿ ಸರಿಯಿತ್ತು. ಕೊನೆಗೆ ಸೇವೆಗಳ ಪಟ್ಟಿ ತೆರೆದು ನೋಡಿದ. ನಿನ್ನೆ ತಾನೇ ಕೈಯಾರೆ ಚಾಲೂ ಮಾಡಿದ್ದ ಎಸ್‌ಎನ್‌ಎಂಪಿ ನಿದ್ದೆ ಮಾಡುತ್ತಿತ್ತು. ಯಂತ್ರ ಎದ್ದಾಗಲೆಲ್ಲ ನೀನೂ ಏಳು ಎಂದು ಅದಕ್ಕೆ ಹೇಳುವುದನ್ನೇ ಮರೆತಿದ್ದ. ಯಾವತ್ತಾದರೂ ಕರೆಂಟು ಹೋಗಿ ಬಂದಿದ್ದರೆ ಸಾಕಿತ್ತು. ಪರದೆ ಕುರುಡಾಗುತ್ತಿತ್ತು, ಅವನ ಕೆಲಸವೂ ಹೋಗುತ್ತಿತ್ತು.

ಅದನ್ನು ಎಬ್ಬಿಸಿ, ‘ಆಟೋಮ್ಯಾಟಿಕ್’ ಎಂದು ಬದಲಿಸಿದ. ಅಷ್ಟರಲ್ಲಿ ಲೋಕನಾಥ ಆರತಿ ತಟ್ಟೆ ಹಿಡಿದು ಬಂದ.

“ಆರತಿ ಆಗುವವರೆಗಾದರೂ ಮಲಗಲಿ ಮಾರಾಯ.”

ಯತಿನ್ ಮಾನಸಿಗೆ ಫೋನ್ ಹಚ್ಚಿದ. ಚುಕ್ಕೆ ಹಸಿರಾಗಿತ್ತಂತೆ, ಸೇಠ್ ಆಗಲೇ ಬಂದು ಅವಳ ಹಿಂದೆ ನಿಂತಿದ್ದರಂತೆ.

“ಅವರಿಗೆ ಹೇಳು, ಮಶೀನ್ ನಾನೇ ಬಂದ್ ಮಾಡ್ತಾ ಇದ್ದೇನೆ, ಈಗ ಕೆಂಪು ಆಗ್ತದೆ. ಆಮೇಲೆ ಬರೀ ಸ್ವಿಚ್ ಹಾಕ್ತೇನೆ, ಬೇರೆ ಎಂತದ್ದೂ ಮುಟ್ಟುದಿಲ್ಲ. ಹಸಿರಾಗದಿದ್ರೆ ನಾಳೆಯಿಂದ ನಾನು ಬರುದಿಲ್ಲ.”

ಸರ್ವರು ಮಲಗಿತು, ಆರತಿ ಮುಗಿಯಿತು. ಯತಿನ್ ಗುಂಡಿ ಒತ್ತಿ, ಕೈಯೆರಡನ್ನೂ ಬೆನ್ನ ಹಿಂದೆ ಕಟ್ಟಿ ನಿಂತ. ಫೋನನ್ನು ಅವನ ಕಿವಿಗೆ ಲೋಕನಾಥನೇ ಹಿಡಿದಿದ್ದ. ಸರ್ವರು ನಿಧಾನವಾಗಿ ಏಳತೊಡಗಿತು. ಅಷ್ಟು ಹೊತ್ತಿನಲ್ಲಿ ಒಂದು ಹೆರಿಗೆಯಾಗಿ ನಾಮಕರಣವೂ ಮುಗಿಯುತ್ತಿತ್ತು.

ಆಮೇಲೆ ಸೇಠ್‌ರ ಸ್ವರ ಕೇಳಿತು. ಹಸಿರಾಯಿತು ಎಂದರು, ಪ್ರಸಾದ ತರಲು ಮರೆಯಬೇಡ ಎಂದರು.