ಹೊಗೆ ಮೀನಿನ ಬೋರ್ಡು

ಆ ಬೋರ್ಡು ಬರ್ದಿದ್ದು ನಾನೇ. ಮೊದ್ಲೇ ಹೇಳ್ಬಿಡ್ತೀನಿ, ಆಮೇಲೆ ಊರೋರ ಬಾಯಿಂದ ಬೇರೆ ಥರ ಕೇಳೋದು ಬೇಡ. ಇಪ್ಪತ್ತಾರು ವರ್ಷ ಗಾಳ ಕ್ಲಬ್ಬಿನ ಕಾರ್ಯದರ್ಶಿ ಆಗಿದ್ದೆ. ಬಣ್ಣದ ಡಬ್ಬ, ಬ್ರಷ್ಷು ಎಲ್ಲ ನಮ್ಮ ಶೆಡ್ಡಲ್ಲೇ.

ಚುನಾವಣೆಗೆ ಎರಡು ವಾರ ಇತ್ತು. ರಾಜಧಾನಿ ವೆಲಿಂಗ್ಟನ್ನಲ್ಲಿ ಏನ್ ಬೇಕಾದ್ರೂ ಕಿತ್ತಾಡ್ಕೊಳ್ಲಿ, ನಮ್ಮ ಕೊಲ್ಲೀಲಿ ಓಟು ಬೀಳೋದು ಗಾಳ ನೋಡ್ಕೊಂಡು. ದಿನಕ್ಕೆ ಎಷ್ಟು ಮೀನು ಹಿಡಿಯೋಕೆ ಬಿಡ್ತೀರಾ, ಹಿಡಿಯೋದೇ ಬೇಡ ಅಂತ ಕೊಲ್ಲಿ ಮುಚ್ತೀರಾ, ದೊಡ್ಡ ಬಲೆ ಹಡಗು ಇಲ್ಲಿಂದ ಓಡಿಸ್ತೀರಾ, ಇಷ್ಟೇ ಪ್ರಶ್ನೆ. ಅದಕ್ಕೇ ಇಬ್ರು ಅಭ್ಯರ್ಥಿಗಳನ್ನ ಶನಿವಾರ ಮಧ್ಯಾಹ್ನ ಕ್ಲಬ್ಬಿಗೆ ಕರೆಸ್ದೆ. ಬರೀ ಭಾಷಣಕ್ಕೆ ಯಾವನು ಬರ್ತಾನೆ? ಹೊಹೆಪಾನ ಹತ್ರ ಹೋಗಿ, "ಒಂದಿಷ್ಟು ಕಾಹವೈ ಮೀನು ಹೊಗೆ ಹಾಕಿ ಕೊಡೋ" ಅಂದೆ.

ಹೊಹೆಪಾ ಅಂದ್ರೆ ನಮ್ಮೂರಲ್ಲಿ ಸಮುದ್ರಕ್ಕೆ ಹೋಗಕ್ಕಾಗದೆ ಇರೋ ಮುದುಕೀರಿಗೆಲ್ಲ ಮೀನು ಮುಟ್ಟಿಸೋನು. ಹತ್ತೊಂಬತ್ತು ಮನೆ. ಅವನ ದೋಣಿ ನಿಂತ್ರೆ ಆ ಮನೆಗಳಿಗೆ ಡಬ್ಬಿ ಮೀನೇ ಗತಿ. ಹದಿನೆಂಟು ಕಾಹವೈ ಹಿಡ್ದು, ಮನುಕಾ ಸೌದೆ ಹೊಗೇಲಿ ಇಟ್ಟು, ಪುಕ್ಸಟ್ಟೆ ಕೊಟ್ಟ. ಹಿಂದಿನ ಬಾಗ್ಲಿಂದ ಅಡುಗೆಮನೆಗೆ ತಂದಿಟ್ಟ.

ಮುಂದಿನ ಬಾಗ್ಲಲ್ಲಿ ನನ್ನ ಬೋರ್ಡು: ಸಭೆ, ಹೊಗೆ ಮೀನು, ಬ್ರೆಡ್ಡು, ಎಲ್ಲ ಸೇರಿ ಹತ್ತು ಡಾಲರ್.

ಗೊತ್ತಾಯ್ತಲ್ಲ? ನಮ್ಮಲ್ಲಿ ಶೋಕಿಗೆ ಹಿಡ್ದ ಮೀನು ತಿನ್ಬಹುದು, ಹಂಚ್ಬಹುದು. ಒಂದು ಬಾಲ ಮಾರಿದ್ರೂ ದೋಣಿ ಜಪ್ತಿ ಆಗ್ಬಹುದು. ಆ ಕಾನೂನು ಕ್ಲಬ್ಬಿನ ಗೋಡೆಗೆ ಅಂಟಿಸಿದ್ದೂ ನಾನೇ!

ಟಿಲ್ಲಿ ಅನ್ನೋ ಅಭ್ಯರ್ಥಿ ಎದ್ದ. ಬೂಟಲ್ಲಿ ಇನ್ನೂ ಅಂಗಡಿ ಚೀಟಿ. "ನಮ್ಮ ಪಕ್ಷ ಬಲೆ ಹಡಗುಗಳನ್ನ ಇಲ್ಲಿಂದ ಓಡಿಸುತ್ತೆ. ಗಾಳದೋರನ್ನ ನಂಬುತ್ತೆ!" ಚಪ್ಪಾಳೆ.

ಕೊಲ್ಲಿ ಮುಚ್ಚಿಸ್ಬೇಕು ಅನ್ನೋ ಪಕ್ಷದವಳು ಫೆನೆಲಾ ಬಾಯ್ಸ್. ಕೂತಲ್ಲಿಂದ್ಲೇ, "ನಂಬೋದಾ? ಬಾಗ್ಲಲ್ಲಿರೋ ಬೋರ್ಡು ಓದಿ. ಮೀನು ಮಾರ್ತಿದ್ದಾರೆ ಇಲ್ಲಿ" ಅಂದ್ಳು.

ಎಂಬತ್ತು ತಲೆ ಒಟ್ಟಿಗೆ ಹಿಂದಕ್ಕೆ ತಿರುಗ್ತು. ಹಿಂದಿನ ಸಾಲಲ್ಲಿ ಟೀ ಕುಡೀತಿದ್ದ ಮೀನುಗಾರಿಕೆ ಅಧಿಕಾರಿ ಜೋಸ್ಲಿನ್ ಕಪ್ಪು ಕೆಳಗಿಟ್ಟು ಎದ್ಳು.

ಬೋರ್ಡಿನ ಫೋಟೋ ತಗೊಂಡ್ಳು. ಅಡುಗೆಮನೆಗೆ ಹೋಗಿ ತಟ್ಟೆ ಎಣಿಸಿ ಬಂದ್ಳು. "ಹಿಡ್ದೋರು ಯಾರು?"

ಹೊಹೆಪಾ ಎದ್ದ. "ನಾನು. ದೋಣಿ ಹೊರಗಿದೆ, ಟ್ರೇಲರ್ ಮೇಲೆ."

"ಕೀಲಿ ಕೊಡು ಹೊಹೆಪಾ."

ಅವನು ಕೀಲಿ ತೆಗೆದ. ಕೊಡ್ಲಿಲ್ಲ. ಅಭ್ಯರ್ಥಿಗಳ ಕಡೆ ತಿರುಗ್ದ. "ಸ್ವಾಮಿ, ಗಾಳದೋರು ಗಾಳದೋರು ಅಂತ ಒಂದು ಗಂಟೆಯಿಂದ ಕೊರೀತಿದ್ದೀರಲ್ಲ. ನನ್ನ ದೋಣಿ ಹೋಗ್ಬೇಕಾ, ಬೇಡ್ವಾ? ಒಂದೇ ಮಾತು."

ಟಿಲ್ಲಿ ಟೈ ಸರಿ ಮಾಡ್ಕೊಂಡ. "ಅದು ಇಲಾಖೆ ವಿಚಾರ, ನಾನು ಮಾತಾಡೋದು ಸರಿಯಲ್ಲ."

"ಅಮ್ಮಾ, ನೀವು?"

"ತನಿಖೆ ಆಗ್ಲಿ" ಅಂದ್ಳು ಬಾಯ್ಸ್.

"ಇಷ್ಟೊತ್ತು ಜಗಳಾಡಿದ್ರಿ, ಈಗ ಒಂದಾದ್ರಲ್ಲ!" ಅಂತ ಯಾರೋ ಕೂಗಿದ್ರು. ಯಾರೂ ನಗ್ಲಿಲ್ಲ. ಜೋಸ್ಲಿನ್ ಕೈ ಚಾಚ್ಕೊಂಡೇ ನಿಂತಿದ್ಳು.

ನಿಜ ಹೇಳ್ತೀನಿ, ಆಗ್ಲೂ ನಾನು ಕೂತೇ ಇದ್ದೆ. ಯಾರು ಬರ್ದಿದ್ದು ಅಂತ ಅವಳು ಕೇಳಿರ್ಲಿಲ್ವಲ್ಲ! ಹೊಹೆಪಾ ನನ್ನ ಕಡೆ ನೋಡ್ಲಿಲ್ಲ, ಬೋರ್ಡು ನೋಡ್ದ. ಅವನು ಅದನ್ನ ಓದಿದ್ದು ಅದೇ ಮೊದಲು. ಮುಖ ನೋಡಿದ್ರೇ ಗೊತ್ತಾಗ್ತಿತ್ತು.

ಎದ್ದೆ. ಮಂಡಿ ಲಟಕ್ ಅಂತು. "ಜೋಸ್ಲಿನ್, ಅವನು ಕೊಟ್ಟಿದ್ದು ದಾನ. ಬೆಲೆ ಕಟ್ಟಿದ್ದು ನಾನು. ಅವನಿಗೆ ಹೇಳೂ ಇಲ್ಲ. ಬೇಕಾದ್ರೆ ನನ್ನ ಶೆಡ್ಡಿಗೆ ಬಾ, ಬ್ರಷ್ಷು ಇನ್ನೂ ಒದ್ದೆ ಇದೆ."

"ಯೋಚ್ನೆ ಮಾಡಿ ಹೇಳಿ ಕ್ಲೈವ್. ಬರ್ಕೊಂಡ್ಮೇಲೆ ಅಳಿಸಲ್ಲ."

"ಬರ್ಕೊ."

ಬರ್ಕೊಂಡ್ಳು. ತುಂಬಾ ಹೊತ್ತು ಬರ್ಕೊಂಡ್ಳು. ಆಮೇಲೆ ಚಾಚಿದ್ದ ಕೈ ಜೇಬಿಗೆ ಹಾಕ್ಕೊಂಡು, "ಎಲ್ಲರ ದುಡ್ಡು ವಾಪಸ್ ಕೊಡಿ. ಮೀನು ಹಂಚಿ. ಹೊಹೆಪಾ, ದೋಣಿ ಮನೆಗೆ ತಗೊಂಡ್ಹೋಗು" ಅಂದ್ಳು. ಬೋರ್ಡು ಕಿತ್ತು ಕಂಕುಳಲ್ಲಿ ಇಟ್ಕೊಂಡು ಹೋದ್ಳು. ಮೀನು ಮುಟ್ಲಿಲ್ಲ. ಟಿಲ್ಲಿ ಎರಡು ತಟ್ಟೆ ಹೊಡೆದ.

ನನಗೆ ದಂಡ ಬಿತ್ತು. ಕ್ಲಬ್ಬೋರು ಕಾರ್ಯದರ್ಶಿ ಕುರ್ಚಿ ಕಿತ್ಕೊಂಡ್ರು. ಸರಿಯಾಗೇ ಮಾಡಿದ್ರು.

ಓಟಿನ ದಿನ ಬೆಳಗ್ಗೆ ಹೊಹೆಪಾ ನಮ್ಮ ಮನೆ ಬೇಲಿ ಹತ್ರ ದೋಣಿ ಟ್ರೇಲರ್ ನಿಲ್ಸಿದ. ಅಲ್ಲೀವರೆಗೂ ನನ್ನ ಜೊತೆ ಮಾತು ಬಿಟ್ಟಿದ್ದ. "ಏಯ್ ಮುದುಕ, ನೀನು ಎದ್ದೇಳೋಕೆ ಎಷ್ಟು ಹೊತ್ತು ತಗೊಂಡೆ ಅಂತ ಎಣಿಸ್ತಿದ್ದೆ ನಾನು" ಅಂದ.

"ಮಂಡಿ ನೋವು ಮಾರಾಯ."

"ಮಂಡಿಯಂತೆ ಮಂಡಿ!"

ಬೇಲಿ ಮೇಲಿಂದ ಒಂದು ಪೊಟ್ಟಣ ಎಸೆದ. ಸ್ನ್ಯಾಪರ್ ಮೀನಿನ ತಲೆ. ತಲೆ ಅವನು ಯಾರಿಗೂ ಕೊಡೋನಲ್ಲ, ಅವನ ಚಿಕ್ಕಮ್ಮಂದ್ರಿಗೆ ಮಾತ್ರ. ಸಾರು ಮಾಡಿ, ಕಣ್ಣು ಸಮೇತ ಚೀಪಿ, ಆಮೇಲೇ ಓಟು ಹಾಕೋಕೆ ಹೋದೆ.