ಹಸಿರು ಟಿಕ್ಕಿನ ಕುದುರೆ ಡಾಕ್ಟರು

ಸ್ವಲ್ಪ ಕೂತು ಇದನ್ನು ಕೇಳಿ. ಅರ್ಧಕ್ಕೇ ಎದ್ದು ಹೋಗಬೇಡಿ, ಕೊನೆಯಲ್ಲಿ ನಿಮ್ಮಿಂದ ಒಂದು ಮಾತು ಬೇಕು.

ಹರ್ಷಿಣಿ ಮಂಡ್ಯದ ಹುಡುಗಿ. ಅಣ್ಣಾ ನಗರದಲ್ಲಿ ಕೆಲಸ, ವೆಸ್ಟ್ ಮಾಂಬಲಂನಲ್ಲಿ ಬಾಡಿಗೆ ರೂಮು, ಪ್ರಾಣಿಗಳೆಂದರೆ ಹುಚ್ಚು. ಚೆನ್ನೈನ ಕನ್ನಡದವರಿಗಾಗಿ ಮೊಬೈಲಿನಲ್ಲಿ ಕನ್ನಡದಲ್ಲೇ ಒಂದು ಪಟ್ಟಿ ಮಾಡಿದ್ದಳು: ನಾಯಿಯ ಕೂದಲು ಕತ್ತರಿಸುವವರು ಯಾರು, ಮೀನಿನ ತೊಟ್ಟಿ ಎಲ್ಲಿ ಸಿಗುತ್ತದೆ, ಊರಿಗೆ ಹೋದಾಗ ಬೆಕ್ಕನ್ನು ಯಾರ ಹತ್ತಿರ ಬಿಡಬಹುದು. ತಾನೇ ಹೋಗಿ ನೋಡಿಬಂದ ಜಾಗಕ್ಕೆ ಹಸಿರು ಟಿಕ್ಕು. ಯಾರಿಗೂ ಗೊತ್ತಿಲ್ಲದ ಮೂಲೆಯ ಅಂಗಡಿ ಸಿಕ್ಕರೆ ಅವತ್ತು ಅವಳಿಗೆ ಹಬ್ಬ.

"ವೇಪೇರಿ ಸರ್ಕಾರಿ ಪ್ರಾಣಿ ಆಸ್ಪತ್ರೆ ಯಾಕೆ ಹಾಕಿಲ್ವೇ?" ಎಂದು ರೂಮಿನ ಗೆಳತಿ ವೃಂದಾ ಒಮ್ಮೆ ಕೇಳಿದ್ದಳು.

"ಅಯ್ಯೋ, ಅದು ಊರಿಗೇ ಗೊತ್ತು ಕಣೇ. ಅದನ್ನೂ ಬರೆದ್ರೆ ನಂದೇನು ಹೆಚ್ಚುಗಾರಿಕೆ?"

ಊರಿಗೆಲ್ಲ ಗೊತ್ತಿದ್ದದ್ದು ತಮ್ಮಯ್ಯನಿಗೆ ಗೊತ್ತಿರಲಿಲ್ಲ. ಮೈಸೂರಿನಲ್ಲಿ ಟಾಂಗಾ ಹೊಡೆಯುತ್ತಿದ್ದ ಆ ಮುದುಕ ಆರು ತಿಂಗಳ ಹಿಂದೆ ಬೇಬಿ ಎಂಬ ಕಂದು ಬಣ್ಣದ ಹೆಣ್ಣುಕುದುರೆಯ ಜೊತೆ ಚೆನ್ನೈನ ಮರೀನಾ ಬೀಚಿಗೆ ಬಂದು, ಮರಳಿನ ಮೇಲೆ ಮಕ್ಕಳನ್ನು ಸವಾರಿ ಮಾಡಿಸುತ್ತಿದ್ದ. ಮಿಕ್ಕ ಕುದುರೆಯವರು ಹೊಸಬನೆಂದು ಅವನನ್ನು ಹತ್ತಿರ ಸೇರಿಸಿರಲಿಲ್ಲ. ತಮಿಳು ನಾಲಗೆಗೆ ಹತ್ತಿರಲಿಲ್ಲ. "ನಡಿಯವ್ವ ಬೇಬಿ, ಸಾಕು ನಿನ್ ಬಿಂಕ" ಎಂದು ಅವನು ಗದರುವುದು ಕಿವಿಗೆ ಬಿದ್ದ ದಿನವೇ ಹರ್ಷಿಣಿ ಓಡಿಹೋಗಿ ಪರಿಚಯ ಮಾಡಿಕೊಂಡಳು. ಲಾಳ ಕಟ್ಟುವವನನ್ನು ಹುಡುಕಿಕೊಟ್ಟಳು. ಒಳ್ಳೆ ಹುರುಳಿ ಸಿಗುವ ಮಂಡಿ ತೋರಿಸಿದಳು. ಪಟ್ಟಿಯನ್ನು ಅವನ ಮೊಬೈಲಿಗೂ ಹಾಕಿಕೊಟ್ಟಳು.

"ಈ ಊರಲ್ಲಿ ನಾನು ಓದಬೋದಾದ್ದು ಇದೊಂದೇ ಕಣವ್ವ" ಎಂದು ನಕ್ಕಿದ್ದ ಅವನು.

ಅದೇ ಪಟ್ಟಿಯಲ್ಲಿ ಕ್ರೋಂಪೇಟೆಯಲ್ಲಿ ಕುದುರೆಯ ಜೀನು, ಲಗಾಮು ಮಾರುವ ಒಂದು ಅಂಗಡಿ ಇತ್ತು. ಭಾನುವಾರ ಅಲ್ಲಿಗೆ ಕುದುರೆ ಡಾಕ್ಟರು ಬರುತ್ತಾರೆ ಎಂದು ಅಂಗಡಿಯವನು ಮಾರ್ಚಿನಲ್ಲಿ ಫೋನಿನಲ್ಲಿ ಹೇಳಿದ್ದ. ಹರ್ಷಿಣಿ ಹೋಗಿ ನೋಡಿರಲಿಲ್ಲ. ಆದರೂ ಕುದುರೆ ಡಾಕ್ಟರು ಸಿಕ್ಕ ಸಂಭ್ರಮದಲ್ಲಿ ಟಿಕ್ಕು ಒತ್ತಿಬಿಟ್ಟಳು. ಮುಂದಿನ ವಾರ ಹೋದರಾಯಿತು ಎಂದುಕೊಂಡಳು. ಆ ವಾರ ಬರಲೇ ಇಲ್ಲ.

ಸೆಪ್ಟೆಂಬರಿನ ಒಂದು ಭಾನುವಾರ ಬೆಳಿಗ್ಗೆ ತಮ್ಮಯ್ಯನ ಫೋನು ಬಂತು.

"ಅವ್ವಾ, ಬೇಬಿ ನೆನ್ನೆಯಿಂದ ಲದ್ದಿ ಹಾಕಿಲ್ಲ. ಬಿದ್ದು ಬಿದ್ದು ಉರುಳಾಡ್ತಾಳೆ, ಹೊಟ್ಟೆ ಕಡೆ ತಿರುಗಿ ತಿರುಗಿ ನೋಡ್ತಾಳೆ. ನಿಮ್ ಪಟ್ಟೀಲಿ ಕ್ರೋಂಪೇಟೆ ಅಂತದೆ, ಹಸಿರು ಗುರುತದೆ. ಹೋಗ್ಲಾ?"

"ಇವತ್ತು ಭಾನುವಾರ ಅಲ್ವಾ ತಮ್ಮಯ್ಯಣ್ಣ! ಡಾಕ್ಟ್ರು ಇದ್ದೇ ಇರ್ತಾರೆ. ಟೆಂಪೋ ಮಾಡ್ಕೊಂಡು ಹೊರಡಿ, ನಾನೂ ಟ್ರೇನಲ್ಲಿ ಬರ್ತೀನಿ!"

ತನ್ನ ಪಟ್ಟಿ ಒಂದು ಜೀವಕ್ಕೆ ಆಗಿಬಂತಲ್ಲ ಎಂಬ ಹೆಮ್ಮೆಯಲ್ಲೇ ಅವಳು ಸ್ಟೇಷನ್ನಿಗೆ ಓಡಿದಳು. ವೇಪೇರಿ ಅವಳ ತಲೆಗೆ ಬರಲೇ ಇಲ್ಲ.

ಕ್ರೋಂಪೇಟೆಯಲ್ಲಿ ಇಳಿದು, ದಾರಿ ಕೇಳಿಕೊಂಡು ಬಂದಾಗ ಟೆಂಪೋ ನಿಂತಿತ್ತು. ಎದುರಿಗೆ ಅಂಗಡಿಯ ಶಟರು. ಅದರ ಮೇಲೆ ಬಾಡಿಗೆಗಿದೆ ಎಂಬ ಬೋರ್ಡು, ಬೀಗಕ್ಕೆ ತುಕ್ಕು. ಬೇಬಿ ಟೆಂಪೋದೊಳಗೆ ಕಾಲು ಮಡಚಿ ಕುಸಿದಿದ್ದಳು. ಮೈಯೆಲ್ಲ ಬೆವರು, ಒಸಡು ನೀಲಿಗಟ್ಟಿತ್ತು. ಹರ್ಷಿಣಿ ಸಿಕ್ಕಸಿಕ್ಕ ನಂಬರಿಗೆಲ್ಲ ಫೋನು ಮಾಡಿದಳು. ನಾಯಿ ಡಾಕ್ಟರು, ಬೆಕ್ಕಿನ ಡಾಕ್ಟರು, ಒಬ್ಬರೂ ಕುದುರೆ ಮುಟ್ಟುವವರಲ್ಲ. ಐದನೆಯ ಫೋನು ರಿಂಗಾಗುತ್ತಿರುವಾಗಲೇ ಬೇಬಿ ಒಮ್ಮೆ ಕಾಲು ಝಾಡಿಸಿದಳು. ಟೆಂಪೋದ ತಗಡು ದಡಾರನೆ ಸದ್ದು ಮಾಡಿತು. ಆಮೇಲೆ ಸದ್ದೇ ಇಲ್ಲ.

ತಮ್ಮಯ್ಯ ಅಳಲಿಲ್ಲ. ಬೇಬಿಯ ಕಣ್ಣಿನ ಮೇಲೆ ಕೂತ ನೊಣವನ್ನು ಓಡಿಸಿದ, ಮತ್ತೆ ಓಡಿಸಿದ.

"ನೀವು ಮಾಡೋಷ್ಟು ಮಾಡಿದ್ರಿ ತಾಯಿ. ಈ ಊರಲ್ಲಿ ಕುದುರೆಗೆ ಆಸ್ಪತ್ರೆ ಇಲ್ಲ ಅಂದ್ರೆ ನೀವಾದ್ರೂ ಏನ್ ಮಾಡೀರಿ?"

ಟೆಂಪೋ ಡ್ರೈವರ್ ಬೀಡಿ ಎಸೆದು ಹರ್ಷಿಣಿಯ ಪಕ್ಕಕ್ಕೆ ಬಂದ. ತಮಿಳಿನಲ್ಲಿ, ತಗ್ಗಿದ ದನಿಯಲ್ಲಿ ಬಡಬಡನೆ ಹೇಳಿದ: ಮರೀನಾದಿಂದ ವೇಪೇರಿ ಎಷ್ಟು ದೂರಮ್ಮ? ಕಾಲು ಗಂಟೆಯ ದಾರಿ. ಅಲ್ಲಿ ಕುದುರೆ ನೋಡುತ್ತಾರೆ. ಮೊಬೈಲು ತೋರಿಸಿ, ಕ್ರೋಂಪೇಟೆ, ಡಾಕ್ಟರ್ ಡಾಕ್ಟರ್ ಎಂದು ಈ ಮುದುಕ ಹಟ ಹಿಡಿದ, ನಾನೂ ನಂಬಿದೆ. ಅಷ್ಟು ದೂರ ಯಾಕೆ ಕಳಿಸಿದಿರಿ?

ಹರ್ಷಿಣಿಯ ಕೈಯಲ್ಲಿ ಮೊಬೈಲು ಇನ್ನೂ ಬೆಳಗುತ್ತಿತ್ತು. ಪಟ್ಟಿ ತೆರೆದೇ ಇತ್ತು, ಟಿಕ್ಕು ಹಸಿರಾಗೇ ಇತ್ತು.

ತಮ್ಮಯ್ಯ ಬೇಬಿಯ ಕುತ್ತಿಗೆಯ ಮೇಲಿಂದ ತಲೆ ಎತ್ತಿದ.

"ಏನಂತಾನವ್ವ ಅವ್ನು? ನಂಗೊಂದೂ ತಿಳೀಲಿಲ್ಲ. ನೀವೇ ಹೇಳಿ."

ಅಲ್ಲಿ ಕನ್ನಡ ಬರುತ್ತಿದ್ದದ್ದು ಅವರಿಬ್ಬರಿಗೇ. ಅವಳು ಏನು ಹೇಳಿದರೂ ಅವನು ನಂಬುತ್ತಿದ್ದ. ಅವಳ ಜಾಗದಲ್ಲಿ ನೀವಿದ್ದಿದ್ದರೆ ಏನು ಹೇಳುತ್ತಿದ್ದಿರಿ?